ರೈಡ್ ಮುಗಿಸಿ ಹೊರಡಬೇಡಿ, ಹನ್ನೊಂದು ದೇಶ ಕಾದಿವೆ

ಮಾನ್ಯ ಸಂಪಾದಕರೇ,

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿಯ ಎಪ್ಕಾಟ್ ಪಾರ್ಕಿಗೆ ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು. ರೈಡ್‌ಗಳ ಸಾಲಿನಲ್ಲೇ ದಿನವೆಲ್ಲ ಕಳೆಯಬೇಡಿ. ಅಲ್ಲಿನ ವರ್ಲ್ಡ್ ಶೋಕೇಸ್‌ಗೆ ಅರ್ಧ ದಿನವಾದರೂ ಕೊಡಿ.

ಪಾರ್ಕ್ ಶುರುವಾದ 1982ರಿಂದಲೂ ಇರುವ ಜಾಗ ಇದು. ದೊಡ್ಡದೊಂದು ಕೊಳ, ಅದರ ಸುತ್ತ ಮೆಕ್ಸಿಕೊ, ಚೀನಾ, ಜಪಾನ್ ಅಂತ 11 ದೇಶಗಳ ಮಾದರಿಯಲ್ಲಿ ಕಟ್ಟಿದ ಒಂದೊಂದು ಅಂಗಳ. ನಮ್ಮ ಮಕ್ಕಳು ಜರ್ಮನಿಯ ಪುಟಾಣಿ ರೈಲಿನ ಮುಂದೆ ಕೂತವರು ಏಳಲೇ ಇಲ್ಲ! ನನಗೆ ಜಾಸ್ತಿ ಹಿಡಿಸಿದ್ದು ಮೊರೊಕ್ಕೊ. 1984ರಲ್ಲಿ ತೆರೆದ ಈ ಅಂಗಳಕ್ಕೆ ಅಲ್ಲಿನ ರಾಜ ಎರಡನೇ ಹಸನ್ ತಮ್ಮ ದೇಶದ ಕುಶಲಕರ್ಮಿಗಳನ್ನೇ ಕಳಿಸಿದ್ದರು, ಗೋಡೆಯ ಮೇಲೆ ಅವರು ಚೂರು ಚೂರು ಟೈಲ್ಸ್ ಜೋಡಿಸಿ ಮಾಡಿದ ಚಿತ್ತಾರವನ್ನು ಮಗಳು ಬೆರಳಿಟ್ಟು ಎಣಿಸುತ್ತಾ ನಿಂತಿದ್ದಳು.

ಕೊಳ ಸುತ್ತಲು ಸುಮಾರು ಎರಡು ಕಿಲೋಮೀಟರ್ ನಡೆಯಬೇಕು. ನೆರಳು ಕಡಿಮೆ, ಚಿಕ್ಕವರು ಸುಸ್ತಾಗ್ತಾರೆ. ಎಲ್ಲ ದೇಶವನ್ನೂ ಓಡಿ ಮುಗಿಸುವ ಹಟ ಯಾಕೆ? ಮೂರ್ನಾಲ್ಕು ಆರಿಸಿಕೊಳ್ಳಿ, ಸಾಕು. ಅಂಗಳಗಳಲ್ಲಿ ಕಿಡ್‌ಕಾಟ್ ಅಂತ ಮಕ್ಕಳಿಗೆಂದೇ ಒಂದು ಮೂಲೆ ಇರುತ್ತೆ, ಅಲ್ಲಿ ಸುಮ್ನೆ ಕೂತು ಬಣ್ಣ ಹಚ್ಚಲು ಬಿಡಿ. ಅಲ್ಲಿನ ಸಿಬ್ಬಂದಿ ಜೊತೆ ಮಾತಾಡಲಿ, ಅವರ ಭಾಷೆಯಲ್ಲಿ ನಮಸ್ಕಾರ ಹೇಗೆ ಹೇಳ್ತಾರೆ ಅಂತ ಕೇಳಲಿ.

— ಒಬ್ಬ ತಾಯಿ