ಅಯಸ್ಕಾಂತ ಹಿಡಿಯದ ಸ್ಟೀಲೇ ಅಸಲಿ ಎಂಬ ನಂಬಿಕೆ

ಮಾನ್ಯರೇ,

ಕಬ್ಬಿನ ಹಾಲಿನ ಅಂಗಡಿಯವರು ತುಕ್ಕು ಹಿಡಿಯುವ ಯಂತ್ರಗಳನ್ನು ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಯಂತ್ರಗಳನ್ನು ಹಾಕಿಸಬೇಕೆಂದು ಮಂಡ್ಯದ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಶುಚಿತ್ವದ ದೃಷ್ಟಿಯಿಂದ ಅದು ಒಪ್ಪತಕ್ಕ ಮಾತು. ಆದರೆ ಸ್ಟೀಲ್ ಆದ ಮೇಲೆ ಸವೆಯುವ ಚಿಂತೆಯೇ ಇಲ್ಲವೆಂಬ ಅವರ ಮಾತನ್ನು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತಾರು ವರ್ಷ ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ, ತಣಿಸಿ ಹದ ಮಾಡುವ) ಕುಲುಮೆಯ ಮುಂದೆ ನಿಂತು ಕೆಲಸ ಮಾಡಿದ ನಾನು ಒಪ್ಪಲಾರೆ.

ನಮ್ಮ ಅಡುಗೆಮನೆಯ ಪಾತ್ರೆಗಳಲ್ಲಿ, ಅಂಗಡಿಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ 304 ದರ್ಜೆಯ ಉಕ್ಕಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತವೆ. ಇದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಸವೆತವನ್ನಲ್ಲ. ಮಚ್ಚಿಗೆ ಹದ ಕೊಡುವಂತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಇದು ಗಟ್ಟಿಯಾಗುವುದಿಲ್ಲ. ತಣಿಯುವಾಗ ಇದರ ಒಳಗಿನ ಹರಳಿನ ರಚನೆ ಬದಲಾಗದಿರುವುದೇ ಇದಕ್ಕೆ ಕಾರಣ. ಬದಲಿಗೆ 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಬಿಟ್ಟರೆ ಕ್ರೋಮಿಯಂ ಇಂಗಾಲದೊಡನೆ ಸೇರಿ ಕಾರ್ಬೈಡ್ ಆಗಿ ಲೋಹದ ಕಣಗಳ ಅಂಚಿನಲ್ಲಿ ಕೂತು, ಇದ್ದ ತುಕ್ಕುನಿರೋಧಕ ಗುಣವೂ ಹೋಗುತ್ತದೆ. ಆದ್ದರಿಂದ ಹಾರ್ಡನಿಂಗ್ ಮಾಡಿಸಿದ 304 ಎಂದು ಯಾರಾದರೂ ಮಾರಿದರೆ ಆ ಮಾತನ್ನು ನಂಬಬೇಡಿ.

ಕಾಯಿಸಿ ಗಟ್ಟಿ ಮಾಡಲು ಬರುವುದು 420, 440ಸಿ ಮುಂತಾದ ದರ್ಜೆಗಳು. ಇವುಗಳಲ್ಲಿ ಇಂಗಾಲ ಹೆಚ್ಚು. 440ಸಿಯಲ್ಲಿ ಸುಮಾರು 1 ಶೇಕಡಾ. ಸಾವಿರ ಡಿಗ್ರಿ ದಾಟಿಸಿ, ಎಣ್ಣೆಯಲ್ಲೋ ಗಾಳಿಯಲ್ಲೋ ತಣಿಸಿ, ಕೂಡಲೇ 150ರಿಂದ 300 ಡಿಗ್ರಿಯಲ್ಲಿ ಟೆಂಪರಿಂಗ್ (ಮತ್ತೆ ಹದವಾಗಿ ಕಾಯಿಸುವುದು) ಮಾಡಿದರೆ 420 ಸುಮಾರು 50 ರಾಕ್‌ವೆಲ್ (ಗಡಸುತನದ ಅಳತೆ), 440ಸಿ 58ರ ಆಸುಪಾಸು ಗಡಸುತನ ಪಡೆಯುತ್ತವೆ. ಕೆಲಸ ಕೆಡುವುದೂ ಇಲ್ಲಿಯೇ. ಕಡಿಮೆ ಕಾಯಿಸಿದರೆ ಸಾಕಷ್ಟು ಇಂಗಾಲ ಕರಗುವುದಿಲ್ಲ; ಅತಿಯಾಗಿ ಕಾಯಿಸಿದರೆ ಸವೆತ ತಡೆಯಬೇಕಾದ ಕಾರ್ಬೈಡ್ ಕಣಗಳೂ ಕರಗಿ, ತಣಿದ ಮೇಲೆ ಆಸ್ಟೆನೈಟ್ ಎಂಬ ಮೆತ್ತನೆಯ ಹರಳಿನ ರಚನೆ ಉಳಿದುಬಿಡುತ್ತದೆ. ಟೆಂಪರಿಂಗ್ ಬಿಸಿ 450 ದಾಟಿತೆಂದರೆ ಲೋಹ ಸುಲಭವಾಗಿ ಮುರಿಯುವಂತಾಗುವುದಲ್ಲದೆ ತುಕ್ಕಿಗೂ ಒಳಗಾಗುತ್ತದೆ. ಮೇಲ್ಮೈಗೆ ಮಾತ್ರ ಸಾರಜನಕ ಸೇರಿಸಿ ಗಟ್ಟಿ ಮಾಡುವ ನೈಟ್ರೈಡಿಂಗ್ ಮಾಡಿಸುವ ದಾರಿಯೂ ಇದೆಯಾದರೂ ಬಿಸಿ ಹೆಚ್ಚಾದರೆ ಅಲ್ಲಿಯೂ ತುಕ್ಕಿನ ಕಾಟ ತಪ್ಪದು.

ಅಯಸ್ಕಾಂತ ಹಿಡಿಯದಿದ್ದರೆ ಅಸಲಿ, ಹಿಡಿದರೆ ನಕಲಿ ಎಂಬುದು ಪೇಟೆಯಲ್ಲಿ ಬೇರೂರಿರುವ ನಂಬಿಕೆ. ಆದರೆ ಮೇಲೆ ಹೇಳಿದ ಗಟ್ಟಿ ದರ್ಜೆಗಳೆಲ್ಲ ಅಯಸ್ಕಾಂತಕ್ಕೆ ಅಂಟುವಂಥವೇ. ಮಂಡ್ಯದಲ್ಲಿ ಕಬ್ಬಿನ ಹಾಲಿನ ಅಂಗಡಿ ಇಟ್ಟಿರುವ ನನ್ನ ಅಕ್ಕನ ಮಗ ಹೀಗೆಯೇ ಪರೀಕ್ಷಿಸಿ, 420ರ ಶಾಫ್ಟನ್ನು ತಿರಸ್ಕರಿಸಿ, 304ರ ಶಾಫ್ಟನ್ನೂ ಅದಕ್ಕೆ ಅದೇ ಲೋಹದ ಬುಷ್ಷನ್ನೂ (ಶಾಫ್ಟು ಒಳಗೆ ತಿರುಗುವ ಬಳೆ) ಹಾಕಿಸಿದ್ದ. ಒಂದೇ ಬಗೆಯ ಮೆತ್ತನೆಯ ಸ್ಟೇನ್‌ಲೆಸ್ ಒಂದಕ್ಕೊಂದು ಉಜ್ಜಿದರೆ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಶಿವರಾತ್ರಿ ಕಳೆದು ವ್ಯಾಪಾರ ಕುದುರುವ ಹೊತ್ತಿಗೆ ಅವನ ಯಂತ್ರ ನಿಂತೇಹೋಯಿತು.

ಗಡಸುತನವೊಂದೇ ಸಾಕೆಂದೂ ನಾನು ಹೇಳುವುದಿಲ್ಲ. ಗದ್ದೆಯಿಂದ ಬಂದ ಕಬ್ಬಿಗೆ ಅಂಟಿದ ಮರಳು ಎಂಥ ಹದ ಮಾಡಿದ ಉಕ್ಕಿಗಿಂತಲೂ ಗಟ್ಟಿ. ಕಬ್ಬು ತೊಳೆಯದೆ ಅರೆಯುವವರ ರೋಲರನ್ನು ಯಾವ ಕುಲುಮೆಯೂ ಉಳಿಸಲಾರದು.

ಯಂತ್ರ ಮಾರುವವರು ಬಿಲ್ಲಿನಲ್ಲಿ ಬರೀ ಎಸ್‌ಎಸ್ ಎಂದು ಬರೆದು ಕೈತೊಳೆದುಕೊಳ್ಳದೆ, ತಿರುಗುವ ಪ್ರತಿ ಭಾಗದ ದರ್ಜೆಯನ್ನೂ ರಾಕ್‌ವೆಲ್ ಅಂಕಿಯನ್ನೂ ನಮೂದಿಸಬೇಕು. ಕೊಳ್ಳುವವರೂ ಅದನ್ನು ಕೇಳಿ ಪಡೆಯಬೇಕು. ಅಕ್ಕನ ಮಗನ ಯಂತ್ರಕ್ಕೆ ಆಮೇಲೆ 48 ರಾಕ್‌ವೆಲ್‌ಗೆ ಹದ ಮಾಡಿದ 420ರ ಶಾಫ್ಟು, ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ಷು ಹಾಕಿಸಿದೆವು. ಇದು ಅದರ ಮೂರನೆಯ ಬೇಸಿಗೆ; ಬುಷ್ಷನ್ನು ಒಮ್ಮೆ ಬದಲಿಸಿದ್ದೇವೆ, ಶಾಫ್ಟಿನ್ನೂ ಅದೇ ಇದೆ.

– ನಿವೃತ್ತ ಹೀಟ್ ಟ್ರೀಟ್‌ಮೆಂಟ್ ಮೇಲ್ವಿಚಾರಕ, ಮೈಸೂರು