ನಿಷೇಧವಲ್ಲ, ರಾಜ್ಯಗಳಿಗೆ ಮರಳಿದ ಅಧಿಕಾರ

ಮಾನ್ಯರೇ,

ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ನೀಡಿದ ತೀರ್ಪನ್ನು ‘ದೇಶದಾದ್ಯಂತ ಗರ್ಭಪಾತ ನಿಷೇಧ’ ಎಂದು ಇಂದಿಗೂ ಬಣ್ಣಿಸುವುದು ತಪ್ಪು. ಗರ್ಭಪಾತವನ್ನು ದೇಶದಾದ್ಯಂತ ಸಾಂವಿಧಾನಿಕ ಹಕ್ಕೆಂದು ಮಾನ್ಯ ಮಾಡಿದ್ದ 1973ರ ‘ರೋ ವರ್ಸಸ್ ವೇಡ್’ ತೀರ್ಪನ್ನು ರದ್ದುಪಡಿಸಿದ ಕೋರ್ಟ್, ಈ ವಿಷಯದ ನಿರ್ಧಾರವನ್ನು ಜನರಿಗೆ ಮತ್ತು ಅವರು ಆರಿಸಿದ ಪ್ರತಿನಿಧಿಗಳಿಗೆ ಮರಳಿಸಿತು. ಸಂವಿಧಾನದಲ್ಲಿ ಎಲ್ಲಿಯೂ ಹೆಸರಿಸದ ಸಂಗತಿಯನ್ನು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಇಡೀ ದೇಶಕ್ಕೆ ತೀರ್ಮಾನಿಸಬಾರದು ಎಂಬುದು ಅಲ್ಲಿನ ಸಂಪ್ರದಾಯವಾದಿಗಳ ಹಳೆಯ ವಾದ. ಅದರಲ್ಲಿ ಹುರುಳಿದೆ ಎಂದೇ ನನ್ನ ನಂಬಿಕೆ.

ತೀರ್ಪಿನ ನಂತರ ಹಲವು ರಾಜ್ಯಗಳು ಬಹುತೇಕ ಪೂರ್ಣ ನಿಷೇಧ ಹೇರಿದ್ದು ನಿಜ. ಆದರೆ ಅದೇ ವರ್ಷದ ಆಗಸ್ಟ್ 2ರಂದು ರಿಪಬ್ಲಿಕನ್ನರ ಭದ್ರಕೋಟೆಯಾದ ಕಾನ್ಸಾಸ್‌ನಲ್ಲಿ ಏನಾಯಿತು? ರಾಜ್ಯ ಸಂವಿಧಾನದಲ್ಲಿರುವ ಗರ್ಭಪಾತದ ಹಕ್ಕನ್ನು ತೆಗೆದುಹಾಕುವ ತಿದ್ದುಪಡಿಯನ್ನು ಸುಮಾರು ಶೇ 59ರಷ್ಟು ಮತದಾರರು ತಿರಸ್ಕರಿಸಿದರು. ಆಗ ಅಲ್ಲಿದ್ದ ನನ್ನ ಅಣ್ಣನ ಮಗಳು ಕಳುಹಿಸಿದ ಚಿತ್ರವೊಂದರಲ್ಲಿ ಅಕ್ಕಪಕ್ಕದ ಎರಡು ಮನೆಗಳ ಹುಲ್ಲುಹಾಸಿನ ಮೇಲೆ ‘ಹೌದು’, ‘ಬೇಡ’ ಎಂಬ ಫಲಕಗಳು ನೆಟ್ಟಿದ್ದವು. ನಡುವೆ ಬೇಲಿಯೂ ಇರಲಿಲ್ಲ. ರಾಜ್ಯಗಳ ಅಧಿಕಾರಕ್ಕಾಗಿ ಸದಾ ದನಿಯೆತ್ತುವ ಕನ್ನಡಿಗರಿಗೆ ಈ ಚರ್ಚೆ ಅರ್ಥವಾಗದ್ದೇನಲ್ಲ.

ಅಮೆರಿಕದ ಇಂಥ ತೀರ್ಪುಗಳನ್ನು ವರದಿ ಮಾಡುವಾಗ ಬಹುಮತದ ತೀರ್ಪು ಮತ್ತು ಭಿನ್ನಮತದ ತೀರ್ಪು ಎರಡರ ಸಾರವನ್ನೂ ಪತ್ರಿಕೆಯು ಪುಟ್ಟ ಚೌಕಟ್ಟಿನಲ್ಲಿ ಪ್ರಕಟಿಸಲಿ.

– ಓದುಗ, ಸಾಗರ