ಹೊಳವು ನೋಡಿ ಬರೆದ ಸಾಲು

ಮಡಿಕೇರಿ,
ಕಕ್ಕಡ ತಿಂಗಳು

ಪ್ರೀತಿಯ ಮಗಳೇ,

ನಿನ್ನ ಲೇಖನ ಎರಡು ಸಲ ಓದಿದೆ. ಮೊದಲ ಸಲ ಕರೆಂಟಿತ್ತು, ಎರಡನೇ ಸಲ ಮೇಣದಬತ್ತಿ. ಎರಡೂ ಸಲ ಖುಷಿಯಾಯಿತು. ಎರಡೂ ಸಲ ಒಂದೇ ಜಾಗದಲ್ಲಿ ಮುಗ್ಗರಿಸಿದೆ. ಅದನ್ನು ಫೋನಿನಲ್ಲಿ ಹೇಳೋಣವೆಂದರೆ ಈ ಮಳೆಗೆ ಸಿಗ್ನಲ್ ಎಲ್ಲಿದೆ? ಅದಕ್ಕೇ ಕಾಗದ.

ಎಚ್.ವಿ. ಕಾಲ್ಟನ್‌ಬಾರ್ನ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ದೊಡ್ಡದು. ರೇಡಿಯೋದಲ್ಲಿ ಸುದ್ದಿ ಬಿಡಿಸಿ ಹೇಳುತ್ತಿದ್ದವರು, ಒಂದು ಕಾಲಕ್ಕೆ ಅಮೆರಿಕದ ಮನೆಮನೆಗೆ ಗೊತ್ತಿದ್ದ ದನಿ. ಈಗ ಅಲ್ಲಿಯವರಿಗೇ ನೆನಪು ಕಮ್ಮಿ. 1878ರಲ್ಲಿ ಹುಟ್ಟಿದ್ದು, ಬ್ರೂಕ್ಲಿನ್‌ನ ಪತ್ರಿಕೆಯಲ್ಲಿ ದುಡಿದದ್ದು, ರೇಡಿಯೋ ಇನ್ನೂ ಕಣ್ಣು ಬಿಡುತ್ತಿದ್ದಾಗಲೇ ಮೈಕಿನ ಮುಂದೆ ಕೂತದ್ದು, ಸಿಬಿಎಸ್ ರೇಡಿಯೋ ಸಂಸ್ಥೆ ಬಿಟ್ಟು 1940ರಲ್ಲಿ ಅದರ ಎದುರಾಳಿ ಎನ್‌ಬಿಸಿಗೆ ಹೋದದ್ದು. ಇದಕ್ಕೆಲ್ಲ ಒಂದೂವರೆ ಪುಟ ಕೊಟ್ಟಿದ್ದೀಯ. ನಾಲ್ಕು ಸಾಲು ಸಾಕು.

ಅದೇ ಆ ಹುಲ್ಲಿನ ಬಣವೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆಯಲ್ಲಾ! 1936, ಸ್ಪೇನಿನ ಅಂತರ್ಯುದ್ಧ. ಫ್ರಾನ್ಸಿನ ಗಡಿಯಲ್ಲಿರುವ ಇರುನ್ ಊರಿಗಾಗಿ ಕಾದಾಟ ನಡೆದಿದೆ. 58 ವರ್ಷದ ಮನುಷ್ಯ ಬಣವೆಯ ಮರೆಯಲ್ಲಿ ಮೈಕ್ ಇಟ್ಟುಕೊಂಡು ಕೂತಿದ್ದಾನೆ. ಗುಂಡಿನ ಸದ್ದು ಅಮೆರಿಕದ ಮನೆಗಳೊಳಗೆ ನೇರವಾಗಿ ಕೇಳುತ್ತಿದೆ. ಇದಕ್ಕೆ ನೀನು ‘ರೋಚಕ ಅನುಭವ’ ಅಂತ ಬರೆದಿದ್ದೀಯ. ರೋಚಕವನ್ನು ತೆಗೆದುಹಾಕು. ಗದ್ದೆ ಬದಿಯ ಬಣವೆಗೆ ಹತ್ತಿ ಬೈಸಿಕೊಂಡು ಬೆಳೆದವಳು ನೀನು. ಒಣಹುಲ್ಲು ಕುತ್ತಿಗೆಗೆ ಹೇಗೆ ಚುಚ್ಚುತ್ತದೆ ಅಂತ ನಿನಗೆ ಗೊತ್ತು. ಓದುಗನನ್ನು ಅಲ್ಲಿ ಸ್ವಲ್ಪ ಹೊತ್ತು ಕೂರಿಸು.

1938ರ ಸೆಪ್ಟೆಂಬರ್ ಭಾಗ ಚೆನ್ನಾಗಿ ಬಂದಿದೆ. ಹಿಟ್ಲರ್ ಚೆಕೊಸ್ಲೊವಾಕಿಯದ ಭಾಗ ಕೇಳಿ ಯುದ್ಧದ ಭಯ ಹುಟ್ಟಿಸಿದ ಮ್ಯೂನಿಕ್ ಬಿಕ್ಕಟ್ಟು, ನ್ಯೂಯಾರ್ಕಿನ ಒಂಬತ್ತನೇ ಸ್ಟುಡಿಯೋ, ಅಲ್ಲೇ ಒಂದು ಮಂಚ, 18 ದಿನದಲ್ಲಿ ಸುಮಾರು ನೂರು ಸಲ ಮಾತು. ಆದರೆ ಅದನ್ನು ‘ಅದ್ಭುತ ಪ್ರತಿಭೆ’ ಅಂದುಬಿಟ್ಟೆ. ಪ್ರತಿಭೆ ಇರಲಿ, ಅವರಿಗೆ ಜರ್ಮನ್ ಬರುತ್ತಿತ್ತು, ಫ್ರೆಂಚ್ ಬರುತ್ತಿತ್ತು. ಹಿಟ್ಲರ್ ಭಾಷಣ ಮುಗಿಸುವುದೇ ತಡ, ಅವನು ಹೇಳಿದ್ದೇನು, ಅದರ ಅರ್ಥವೇನು ಅಂತ ಬರೆದಿಟ್ಟ ಹಾಳೆಯಿಲ್ಲದೆ ಹೇಳಬಲ್ಲವರಾಗಿದ್ದರು. ಅದರ ಹಿಂದೆ ಯುರೋಪಿನ ಎಷ್ಟು ಪ್ರಯಾಣವಿತ್ತು, ಎಷ್ಟು ವರ್ಷದ ಓದಿತ್ತು! ವಿರಾಜಪೇಟೆ ಸಂತೆಯಲ್ಲಿ ನಿನಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಎಲ್ಲ ಕಿವಿಗೆ ಬೀಳುತ್ತವಲ್ಲ, ಅದೂ ಅಂಥದ್ದೇ ಗಂಟು. ಜೋಪಾನ ಮಾಡು.

ಆ ದಿನಗಳದ್ದೇ ಒಂದು ಕಥೆಯಿದೆ, ನೀನು ಬಿಟ್ಟಿದ್ದೀಯ. ಇಂಗ್ಲೆಂಡಿನ ಚರ್ಚಿನ ಹಿರಿಯ ಗುರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಶಾಂತಿಗಾಗಿ ಮಾಡಿದ ಪ್ರಾರ್ಥನೆ ಪ್ರಸಾರವಾಯಿತಂತೆ. ಮುಗಿದ ಕೂಡಲೇ ಕಾಲ್ಟನ್‌ಬಾರ್ನ್ ಅಭ್ಯಾಸಬಲದಿಂದ ಆ ಪ್ರಾರ್ಥನೆಗೂ ವಿಶ್ಲೇಷಣೆ ಕೊಟ್ಟರಂತೆ! ನನಗೆ ನಗು ಬಂತು, ಹಿಂದೆಯೇ ಭಯವೂ ಆಯಿತು. ಮಾತು ಸರಾಗವಾಗಿ ಬರುವವರಿಗೆ ಬರುವ ಕಾಯಿಲೆ ಇದು. ನಿನಗೂ ಸರಾಗ ಜಾಸ್ತಿ, ಅಲ್ವಾ?

‘ನಿಷ್ಪಕ್ಷಪಾತಿ’ ಅಂತಲೂ ಅವರನ್ನು ಕರೆದಿದ್ದೀಯ. ಅವರೇ ಒಪ್ಪುತ್ತಿರಲಿಲ್ಲ. ನಮ್ಮ ವಿಶ್ಲೇಷಕರು ಸ್ವಂತ ಅಭಿಪ್ರಾಯ ಹೇಳಕೂಡದು ಅಂತ 1943ರಲ್ಲಿ ಸಿಬಿಎಸ್ ಹೊರಟಾಗ ಬಹಿರಂಗವಾಗಿ ಎದುರು ನಿಂತವರು ಅವರು.

ಈಗ ನಾನು ಮುಗ್ಗರಿಸಿದ ಜಾಗ. ‘1948ರ ಚುನಾವಣೆಯಲ್ಲಿ ಅವರ ಊಹೆ ತುಸು ತಪ್ಪಿತು.’ ತುಸುವೇ? ಆ ರಾತ್ರಿ ಎಣಿಕೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಮುಂದಿದ್ದರು. ಇವರು ಮಾತ್ರ ಹಳ್ಳಿಗಾಡಿನ ಮತ ಬರಲಿ, ಎದುರಾಳಿ ಡ್ಯೂಯಿಯೇ ಗೆಲ್ಲುತ್ತಾರೆ ಅನ್ನುತ್ತಲೇ ಇದ್ದರು. ಬೆಳಗಾದಾಗ ಗೆದ್ದದ್ದು ಟ್ರೂಮನ್. ಮುಂದಿನ ಜನವರಿಯಲ್ಲಿ ಅಧಿಕಾರ ಸ್ವೀಕಾರದ ಹಿಂದಿನ ರಾತ್ರಿಯ ಔತಣದಲ್ಲಿ ಅಧ್ಯಕ್ಷರೇ ಕಾಲ್ಟನ್‌ಬಾರ್ನ್ ದನಿಯನ್ನು ಅಣಕಿಸಿ ತೋರಿಸಿದರು, ಆ ಕತ್ತರಿಸಿದಂಥ ಉಚ್ಚಾರದ ಸಮೇತ. ಇದನ್ನು ಮುಚ್ಚಿಡಬೇಡ. ನಿನ್ನ ಲೇಖನದ ಜೀವ ಇಲ್ಲಿದೆ. ಹಾಳೆಯಿಲ್ಲದೆ ಮಾತಾಡುವ ಗುಣ ಹತ್ತು ವರ್ಷದ ಹಿಂದೆ ಅವರನ್ನು ಎತ್ತಿತ್ತು. ಆ ರಾತ್ರಿ ಅದೇ ಕಾಲೆಳೆಯಿತು. ಅಂಕಿ ಕಣ್ಣೆದುರಿಗಿತ್ತು, ಬಾಯಿ ಅದನ್ನು ದಾಟಿ ಹೋಯಿತು.

ನನಗೆ ಇದು ಹೇಗೆ ಗೊತ್ತು ಅಂತ ಕೇಳಿದರೆ, ನಾನೂ ಹಾಗೆ ಮಾಡಿದ್ದೇನೆ. 2018ರ ಆಗಸ್ಟ್ 15. ತೋಟದ ಮಳೆಮಾಪಕ ಬೆಳಿಗ್ಗೆ ತುಂಬಿ ಚೆಲ್ಲಿತ್ತು. ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಭಾಗ) ಅಂತ ಡೈರಿಯಲ್ಲಿ ಬರೆಯಲೂ ಆಗಲಿಲ್ಲ. ಸಂಜೆ ಒಂದು ಗಂಟೆ ಹೊತ್ತು ಮಳೆ ಬಿಟ್ಟು ಹೊಳವಾಯಿತು. ಹೆಂಚಿನಿಂದ ನೀರು ಸುರಿಯುವುದು ನಿಂತು ತೊಟ್ಟಿಕ್ಕತೊಡಗಿತು. ಒಂದು ಪತ್ರಿಕೆಗೆ ನಾಲ್ಕು ಪ್ಯಾರಾ ಕೊಡಬೇಕಿತ್ತು. ಕೊನೆಯ ಸಾಲಿಗೆ ಸೊಗಸು ಬೇಕಿತ್ತು. ‘ದೊಡ್ಡ ಗಂಡಾಂತರ ಕಳೆಯಿತು, ಗುಡ್ಡಗಳು ನಿಟ್ಟುಸಿರು ಬಿಟ್ಟಿವೆ’ ಅಂತ ಬರೆದು ಕಳಿಸಿದೆ. ಅದು ಅಚ್ಚಾಗಿ ಬರುವ ಹೊತ್ತಿಗೆ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರುತ್ತಿತ್ತು. ಮಂಗಳೂರು ರಸ್ತೆ ಕುಸಿದು ಬಂದ್ ಆಯಿತು. ಒಬ್ಬರು ಫೋನ್ ಮಾಡಿ ಕೇಳಿದರು: “ಸಾರ್, ಇದನ್ನು ಎಲ್ಲಿ ಕೂತು ಬರೆದಿರಿ?” ಅವರು ಪರಿಹಾರ ಕೇಂದ್ರದಲ್ಲಿದ್ದರು. ನಾನು ಜಗಲಿಯಲ್ಲಿ, ಕಾಫಿ ಲೋಟ ಹಿಡಿದು.

ನನಗೆ ಬರಲಿಲ್ಲ ಉತ್ತರ.

ಹಾಗಂತ ಊಹೆ ಮಾಡಲೇಬೇಡ ಅನ್ನುತ್ತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಅಂತ ಊಹಿಸದ ಬೆಳೆಗಾರ ಉಂಟೇ? ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಮಾರ್ಚಿನಲ್ಲಿ ಎಲ್ಲರೂ ಆಕಾಶ ನೋಡುವವರೇ. ಆದರೆ ಡೈರಿಯಲ್ಲಿ ಮಾತ್ರ ಬಿದ್ದ ಮಳೆಯನ್ನಷ್ಟೇ ಬರೆಯುತ್ತಾರೆ. ನಿನ್ನ ಲೇಖನದಲ್ಲೂ ಬಿದ್ದದ್ದು ಯಾವುದು, ಬೀಳಬಹುದು ಅಂತ ನಿನಗೆ ಅನ್ನಿಸಿದ್ದು ಯಾವುದು ಅಂತ ಓದುಗನಿಗೆ ಗೊತ್ತಾಗಲಿ. ಕೊನೆಯ ಸಾಲು ತೀರಾ ಚೆಂದ ಬಂದರೆ ಒಂದು ರಾತ್ರಿ ಬಿಟ್ಟು ನೋಡು. ನಾನಂತೂ ಅಂಥ ಸಾಲಿಗೆ ಸುಮ್ನೆ ಪೆನ್ಸಿಲ್ ಗೆರೆ ಎಳೆದಿಡುತ್ತೇನೆ.

ತಿದ್ದಿದ ಪ್ರತಿ ಕಳಿಸು. ಅವಸರವಿಲ್ಲ, ರಸ್ತೆಗೆ ಮರ ಬಿದ್ದಿದೆ, ಅಂಚೆ ಹೇಗೂ ತಡ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಕಳಿಸಿದ ಮರಕೆಸದ ಸೊಪ್ಪು ಮುಗಿಯಿತು ಅಂತಲೂ ಹೇಳು.

ಇವತ್ತು ಬೆಳಿಗ್ಗೆ ಮಾಪಕದಲ್ಲಿ ಮೂರು ಇಂಚು ನಲವತ್ತು ಸೆಂಟ್. ಈಗ ಸ್ವಲ್ಪ ಹೊಳವಾಗಿದೆ.

ನಿನ್ನ,
ಅಂಕಲ್